ವಿಚ್ಛೇದನದ ನಂತರ ಮಗು ಯಾರಿಗೆ? ಕಸ್ಟಡಿ ಬಗೆಗಿನ ನಂಬಿಕೆಗಳು ಮತ್ತು ವಾಸ್ತವ

ಗಂಡ ಹೆಂಡತಿ ಬೇರೆಯಾಗುತ್ತಿದ್ದಾರೆ ಎಂಬ ಸುದ್ದಿ ತಿಳಿದ ಕೂಡಲೇ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ ‘ಮಗು ಯಾರಿಗೆ?’ ಎಂಬುದು. ಅದಕ್ಕೆ ಸಿದ್ಧ ಉತ್ತರಗಳೂ ಅವರ ಬಳಿಯೇ ಇರುತ್ತವೆ. ಐದು ವರ್ಷದವರೆಗೆ ತಾಯಿಗೆ, ಆಮೇಲೆ ತಂದೆಗೆ. ಕೆಲಸವಿಲ್ಲದ ತಾಯಿಗೆ ಮಗು ಸಿಗುವುದಿಲ್ಲ. ಹನ್ನೆರಡು ವರ್ಷವಾದರೆ ಮಗುವೇ ಹೇಳಿದಂತೆ. ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ತಪ್ಪು. ಇಂಥ ಮಾತುಗಳನ್ನು ನಂಬಿ ಕೆಲವರು ಮನಸ್ಸಿಲ್ಲದ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಇನ್ನು ಕೆಲವರು ಗೆದ್ದೇ ತೀರುತ್ತೇವೆಂದು ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾರೆ. ಅಷ್ಟರಲ್ಲಿ ಪುಟ್ಟ ಮಗುವಿಗೆ ಇಬ್ಬರಲ್ಲಿ ಒಬ್ಬರು ಅಪರಿಚಿತರೇ ಆಗಿಬಿಡಬಹುದು.

ಕಾನೂನು ಏನು ಹೇಳುತ್ತದೆ, ಮಕ್ಕಳ ಮನಸ್ಸಿನ ಬಗ್ಗೆ ನಡೆದ ಸಂಶೋಧನೆಗಳು ಏನು ಹೇಳುತ್ತವೆ ಎಂಬ ಎರಡನ್ನೂ ನಾವು ಈ ಲೇಖನದಲ್ಲಿ ಒಟ್ಟಿಗೆ ನೋಡೋಣ. ಎರಡೂ ಒಂದೇ ಕಡೆಗೆ ಕೈ ತೋರಿಸುತ್ತವೆ. ‘ಮಗು ಯಾರಿಗೆ?’ ಎನ್ನುವುದಕ್ಕಿಂತ ‘ಮಗುವಿನ ದಿನಗಳು ಹೇಗೆ ಸಾಗಬೇಕು?’ ಎಂದು ಕೇಳಿಕೊಂಡ ಮನೆಗಳಲ್ಲಿ ಮಕ್ಕಳಿಗೆ ಆಗುವ ನೋವು ಕಡಿಮೆ.

ಪಾಲಕತ್ವ, ಕಸ್ಟಡಿ, ಭೇಟಿ: ಮೂರೂ ಬೇರೆ ಬೇರೆ

ಮಾತಿನಲ್ಲಿ ಎಲ್ಲವನ್ನೂ ‘ಕಸ್ಟಡಿ’ ಎಂದೇ ಕರೆಯುತ್ತೇವೆ. ಆದರೆ ಇಲ್ಲಿ ಮೂರು ಸಂಗತಿಗಳಿವೆ.

ಪಾಲಕತ್ವ ಎಂದರೆ ಮಗುವಿನ ಪರವಾಗಿ ದೊಡ್ಡ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ. ಆಸ್ತಿ, ಬ್ಯಾಂಕ್ ಖಾತೆ, ಪಾಸ್‌ಪೋರ್ಟ್, ಶಸ್ತ್ರಚಿಕಿತ್ಸೆಯಂಥ ವಿಷಯಗಳು ಇದರಲ್ಲಿ ಬರುತ್ತವೆ.

ಕಸ್ಟಡಿ ಎಂದರೆ ಮಗು ದಿನನಿತ್ಯ ಯಾರ ಜೊತೆ ಇರುತ್ತದೆ, ಅದರ ಊಟ, ನಿದ್ದೆ, ಶಾಲೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು.

ಭೇಟಿಯ ಹಕ್ಕು ಎಂದರೆ ಕಸ್ಟಡಿ ಸಿಗದವರು ಮಗುವನ್ನು ನೋಡುವ, ಜೊತೆಗೆ ಕರೆದುಕೊಂಡು ಹೋಗುವ, ಫೋನಿನಲ್ಲಿ ಮಾತನಾಡುವ ಹಕ್ಕು.

ಕಸ್ಟಡಿ ಒಬ್ಬರಿಗೆ ಸಿಕ್ಕ ಮಾತ್ರಕ್ಕೆ ಇನ್ನೊಬ್ಬರು ತಂದೆ ಅಥವಾ ತಾಯಿಯ ಸ್ಥಾನ ಕಳೆದುಕೊಳ್ಳುವುದಿಲ್ಲ. ವಿಚ್ಛೇದನದಿಂದ ಮುಗಿಯುವುದು ಮದುವೆಯ ಸಂಬಂಧ ಮಾತ್ರ.

ಯಾವ ಕಾನೂನು ಅನ್ವಯವಾಗುತ್ತದೆ?

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮಗು ಸಾಮಾನ್ಯವಾಗಿ ವಾಸವಿರುವ ಊರು ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲೇ ಈ ಕಾಯ್ದೆಯಡಿ ಅರ್ಜಿ ಹಾಕಬೇಕು. ಇದರ ಜೊತೆಗೆ ಹಿಂದೂಗಳಿಗೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಇದೆ. ಬೌದ್ಧರು, ಜೈನರು, ಸಿಖ್ಖರೂ ಇದರ ವ್ಯಾಪ್ತಿಗೆ ಬರುತ್ತಾರೆ. ವಿಚ್ಛೇದನದ ಪ್ರಕರಣ ನಡೆಯುತ್ತಿರುವಾಗಲೇ ಮಗುವಿನ ಬಗ್ಗೆ ಆದೇಶ ನೀಡಲು 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 26, 1954ರ ವಿಶೇಷ ವಿವಾಹ ಕಾಯ್ದೆಯ ಸೆಕ್ಷನ್ 38 ಅವಕಾಶ ಕೊಡುತ್ತವೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯಲ್ಲಿ ಇಂಥದ್ದೇ ನಿಯಮಗಳಿವೆ. ಮುಸ್ಲಿಮರಲ್ಲಿ ತಾಯಿಯ ಪಾಲನೆಯ ಹಕ್ಕನ್ನು ‘ಹಿಜಾನತ್’ ಎನ್ನುತ್ತಾರೆ. ಹನಫಿ ಪದ್ಧತಿಯ ಪ್ರಕಾರ ಗಂಡುಮಗುವಿಗೆ ಏಳು ವರ್ಷ ತುಂಬುವವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ಮಗು ತಾಯಿಯ ಬಳಿ ಇರುತ್ತದೆ.

ಕಾಯ್ದೆಗಳು ಬೇರೆಯಾದರೂ ಕೋರ್ಟುಗಳು ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ. ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. 1956ರ ಕಾಯ್ದೆಯ ಸೆಕ್ಷನ್ 13 ಇದನ್ನೇ ಸ್ಪಷ್ಟವಾಗಿ ಹೇಳುತ್ತದೆ. ತಂದೆಯ ಹಕ್ಕು, ತಾಯಿಯ ಹಕ್ಕು ಎರಡೂ ಇದರ ನಂತರದವು.

ನಂಬಿಕೆ 1: ಐದು ವರ್ಷದವರೆಗೆ ತಾಯಿಗೆ, ಆಮೇಲೆ ತಾನಾಗಿಯೇ ತಂದೆಗೆ

ಇದು ಅರ್ಧ ಸತ್ಯ. ಐದು ವರ್ಷ ತುಂಬದ ಮಗು ‘ಸಾಮಾನ್ಯವಾಗಿ’ ತಾಯಿಯ ಬಳಿ ಇರಬೇಕು ಎಂದು 1956ರ ಕಾಯ್ದೆಯ ಸೆಕ್ಷನ್ 6 ಹೇಳುತ್ತದೆ. ‘ಸಾಮಾನ್ಯವಾಗಿ’ ಎಂಬ ಪದವನ್ನು ಗಮನಿಸಿ. ತಾಯಿಯ ಬಳಿ ಮಗುವಿಗೆ ಅಪಾಯವಿದೆ ಎಂದು ಸಾಬೀತಾದರೆ ಐದು ವರ್ಷದೊಳಗಿನ ಮಗುವನ್ನೂ ತಂದೆಗೆ ಒಪ್ಪಿಸಬಹುದು. ಹಾಗೆಯೇ ಐದನೇ ಹುಟ್ಟುಹಬ್ಬದ ಮರುದಿನ ಮಗು ತಾನಾಗಿಯೇ ತಂದೆಯ ಮನೆಗೆ ಹೋಗಬೇಕು ಎಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅಲ್ಲಿಂದಾಚೆಗೂ ಕೋರ್ಟ್ ನೋಡುವುದು ಮಗುವಿನ ಹಿತವನ್ನೇ.

ಅದೇ ಸೆಕ್ಷನ್ ತಂದೆಯನ್ನು ಮೊದಲ ಸಹಜ ಪಾಲಕ ಎಂದೂ, ಅವನ ‘ನಂತರ’ ತಾಯಿ ಎಂದೂ ಹೇಳುತ್ತದೆ. ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ತಂದೆಯ ಸಹಿ ಬೇಕೆಂದಾಗ ಲೇಖಕಿ ಗೀತಾ ಹರಿಹರನ್ ರಿಸರ್ವ್ ಬ್ಯಾಂಕ್ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1999ರಲ್ಲಿ ಕೋರ್ಟ್ ಆ ‘ನಂತರ’ ಪದಕ್ಕೆ ‘ತಂದೆಯ ಮರಣದ ನಂತರ’ ಎಂಬ ಅರ್ಥ ಮಾತ್ರ ಅಲ್ಲ, ‘ತಂದೆಯ ಗೈರಿನಲ್ಲಿ’ ಎಂಬ ಅರ್ಥವೂ ಇದೆ ಎಂದು ಹೇಳಿತು. ತಂದೆ ಮಗುವಿನ ಹೊಣೆ ಹೊರದೆ ದೂರ ಉಳಿದಿದ್ದರೆ ಅವನು ಬದುಕಿರುವಾಗಲೂ ತಾಯಿ ಸಹಜ ಪಾಲಕಿಯಾಗಬಹುದು.

ನಂಬಿಕೆ 2: ದುಡಿಮೆ ಇಲ್ಲದ ತಾಯಿಗೆ ಮಗು ಸಿಗುವುದಿಲ್ಲ

ತಪ್ಪು. ಆದಾಯ ಒಂದು ಅಂಶ ಮಾತ್ರ. ಮಗು ತಾಯಿಯ ಬಳಿ ಇರುವುದೇ ಒಳ್ಳೆಯದು ಎಂದಾದರೆ ಅದರ ಖರ್ಚಿಗೆ ತಂದೆ ಜೀವನಾಂಶ ಕೊಡುವಂತೆ ಕೋರ್ಟ್ ಆದೇಶಿಸುತ್ತದೆ. ಜೀವನಾಂಶಕ್ಕಾಗಿ ಮೊದಲು ಇದ್ದ ಸಿಆರ್‌ಪಿಸಿ ಸೆಕ್ಷನ್ 125ರ ಬದಲು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಜಾರಿಯಲ್ಲಿದೆ. ಮರುಮದುವೆಯ ವಿಷಯವೂ ಇಷ್ಟೇ. ತಾಯಿ ಇನ್ನೊಂದು ಮದುವೆಯಾದಳು ಎಂಬ ಒಂದೇ ಕಾರಣಕ್ಕೆ ಅವಳು ಮಗುವನ್ನು ಇಟ್ಟುಕೊಳ್ಳಲು ಅನರ್ಹಳಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ.

ನಂಬಿಕೆ 3: ಮಗುವಿಗೆ ಹನ್ನೆರಡು ವರ್ಷವಾದರೆ ಅದು ಹೇಳಿದಂತೆಯೇ ತೀರ್ಪು

ಕಾನೂನಿನಲ್ಲಿ ಇಂಥ ನಿಗದಿತ ವಯಸ್ಸಿಲ್ಲ. ಸ್ವಂತ ಬುದ್ಧಿಯಿಂದ ಆಯ್ಕೆ ಮಾಡುವಷ್ಟು ಮಗು ಬೆಳೆದಿದ್ದರೆ ಅದರ ಅಭಿಪ್ರಾಯವನ್ನು ಕೋರ್ಟ್ ‘ಪರಿಗಣಿಸಬಹುದು’ ಎಂದಷ್ಟೇ 1890ರ ಕಾಯ್ದೆಯ ಸೆಕ್ಷನ್ 17 ಹೇಳುತ್ತದೆ. ನ್ಯಾಯಾಧೀಶರು ಸಾಮಾನ್ಯವಾಗಿ ಮಗುವನ್ನು ತಮ್ಮ ಕೊಠಡಿಗೆ ಕರೆಸಿ ಮಾತನಾಡಿಸುತ್ತಾರೆ. ಮಗು ಹೇಳುತ್ತಿರುವುದು ಮನಸ್ಸಿನ ಮಾತೋ ಬಾಯಿಪಾಠ ಮಾಡಿಸಿದ್ದೋ ಎಂದು ನೋಡುತ್ತಾರೆ. ‘ನಿನಗೆ ಅಪ್ಪ ಬೇಕಾ, ಅಮ್ಮ ಬೇಕಾ?’ ಎಂದು ಮನೆಯಲ್ಲಿ ಪದೇ ಪದೇ ಕೇಳುವುದರಿಂದ ಕೋರ್ಟಿನಲ್ಲಿ ಲಾಭವಾಗುವುದಿಲ್ಲ, ಮಗುವಿಗೆ ಹಿಂಸೆಯಾಗುತ್ತದೆ.

ನಂಬಿಕೆ 4: ಒಮ್ಮೆ ತೀರ್ಪು ಬಂದರೆ ಮುಗಿಯಿತು

ಕಸ್ಟಡಿ ಆದೇಶ ಜಮೀನಿನ ವ್ಯಾಜ್ಯದ ತೀರ್ಪಿನಂತಲ್ಲ. ಮಗು ಬೆಳೆಯುತ್ತದೆ, ಶಾಲೆ ಬದಲಾಗುತ್ತದೆ, ಅಪ್ಪ ಅಮ್ಮನ ಕೆಲಸ ಮತ್ತು ಊರು ಬದಲಾಗುತ್ತವೆ. ಆದ್ದರಿಂದ ಇಂಥ ಆದೇಶಗಳನ್ನು ಬದಲಿಸಿಕೊಡಿ ಎಂದು ಮತ್ತೆ ಕೇಳಬಹುದು. ಇಬ್ಬರೂ ಒಪ್ಪಿ ಮಾಡಿಕೊಂಡ ವ್ಯವಸ್ಥೆಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಸ್ಪಷ್ಟಪಡಿಸಿದೆ. ಮಕ್ಕಳು ತಂದೆತಾಯಿಯ ಸ್ವತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ.

ಆದರೆ ಒಂದು ಎಚ್ಚರಿಕೆ. ಪ್ರಕರಣ ಎಳೆದಷ್ಟೂ ಮಗು ತಾನಿರುವ ಮನೆ, ಶಾಲೆ, ಗೆಳೆಯರಿಗೆ ಹೊಂದಿಕೊಂಡುಬಿಡುತ್ತದೆ. ಆಮೇಲೆ ಅದನ್ನು ಕದಲಿಸಲು ಕೋರ್ಟ್ ಹಿಂದೆಮುಂದೆ ನೋಡುತ್ತದೆ. ಕೊನೆಯ ತೀರ್ಪು ಬರಲಿ ಎಂದು ಕಾಯದೆ ಭೇಟಿಗೆ ಮಧ್ಯಂತರ ಆದೇಶವನ್ನು ಬೇಗ ಕೇಳುವುದು ಇದೇ ಕಾರಣಕ್ಕೆ ಮುಖ್ಯ.

ನಂಬಿಕೆ 5: ದುಡ್ಡು ಕೊಡದಿದ್ದರೆ ಮಗುವನ್ನು ತೋರಿಸಬೇಕಾಗಿಲ್ಲ

ಇದು ಎರಡೂ ಕಡೆಯವರು ಮಾಡುವ ತಪ್ಪು. ಒಬ್ಬರು ಜೀವನಾಂಶ ಬಂದಿಲ್ಲವೆಂದು ಭೇಟಿ ತಡೆಯುತ್ತಾರೆ, ಇನ್ನೊಬ್ಬರು ಮಗುವನ್ನು ತೋರಿಸಲಿಲ್ಲವೆಂದು ದುಡ್ಡು ನಿಲ್ಲಿಸುತ್ತಾರೆ. ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ. ಎರಡೂ ಮಗುವಿಗೆ ಸೇರಬೇಕಾದವು. ಜೀವನಾಂಶ ಬಾಕಿ ಇದ್ದರೆ ವಸೂಲಿಗೆ ಅರ್ಜಿ ಹಾಕಬಹುದು, ಬೇಕೆಂದೇ ಕೊಡದವರಿಗೆ ಜೈಲು ಶಿಕ್ಷೆಯೂ ಆಗಬಹುದು. ಭೇಟಿಯ ಆದೇಶ ಪಾಲಿಸದಿದ್ದರೆ ಅದನ್ನು ಜಾರಿ ಮಾಡಿಸಲು ಬೇರೆ ಅರ್ಜಿ ಇದೆ.

ಮಕ್ಕಳ ಮೇಲೆ ಆಗುವ ಪರಿಣಾಮ: ಸಂಶೋಧನೆ ಏನು ಹೇಳುತ್ತದೆ?

ಅಪ್ಪ ಅಮ್ಮ ಬೇರೆಯಾದರೆ ಮಗುವಿನ ಬದುಕೇ ಹಾಳು ಎಂಬ ಮಾತಿದೆ. 1991ರಲ್ಲಿ ಪಾಲ್ ಅಮಾಟೋ ಮತ್ತು ಬ್ರೂಸ್ ಕೀತ್ ಎಂಬ ಸಂಶೋಧಕರು 92 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ 13,000ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇತ್ತು. ವಿಚ್ಛೇದನವಾದ ಮನೆಗಳ ಮಕ್ಕಳು ಓದು, ನಡವಳಿಕೆ, ಮನಸ್ಸಿನ ನೆಮ್ಮದಿಯಲ್ಲಿ ಸರಾಸರಿ ಸ್ವಲ್ಪ ಹಿಂದಿದ್ದರು. ಆದರೆ ಆ ವ್ಯತ್ಯಾಸ ಜನ ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಜೊತೆಗೇ ಇದ್ದು ಸದಾ ಜಗಳವಾಡುವ ತಂದೆತಾಯಿಯ ಮಕ್ಕಳೂ ಕಷ್ಟಪಡುತ್ತಿದ್ದರು.

ಅದೇ 1991ರಲ್ಲಿ ಕ್ರಿಸ್ಟಿ ಬುಕ್ಯಾನನ್, ಎಲೀನರ್ ಮ್ಯಾಕೋಬಿ ಮತ್ತು ಸ್ಯಾನ್‌ಫರ್ಡ್ ಡಾರ್ನ್‌ಬುಶ್ ಅಮೆರಿಕದ ಹದಿಹರೆಯದವರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ‘ಅಪ್ಪ ಅಮ್ಮನ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ’ ಎಂಬ ಭಾವನೆ ಇದ್ದ ಮಕ್ಕಳಲ್ಲಿ ಖಿನ್ನತೆ ಹೆಚ್ಚಿತ್ತು. ತಂದೆತಾಯಿಯ ನಡುವೆ ಹಗೆ ಹೆಚ್ಚಿದ್ದ ಕಡೆ ಈ ಭಾವನೆಯೂ ಹೆಚ್ಚು. ‘ನಿಮ್ಮಪ್ಪನಿಗೆ ಫೀಸ್ ಕಟ್ಟೋಕೆ ಹೇಳು’, ‘ನಿಮ್ಮಮ್ಮನ ಮನೆಗೆ ಯಾರು ಯಾರು ಬರ್ತಾರೆ?’ ಎಂಬಂಥ ಮಾತುಗಳು ಮಗುವನ್ನು ದೂತನನ್ನಾಗಿ, ಗೂಢಚಾರನನ್ನಾಗಿ ಮಾಡುತ್ತವೆ.

ಇಬ್ಬರ ಜೊತೆಗೂ ಗಣನೀಯ ಸಮಯ ಕಳೆಯುವ ಮಕ್ಕಳ ಬಗ್ಗೆಯೂ ಅಧ್ಯಯನಗಳಿವೆ. ರಾಬರ್ಟ್ ಬಾಸರ್‌ಮನ್ 2002ರಲ್ಲಿ 33 ಅಧ್ಯಯನಗಳನ್ನು ಪರಿಶೀಲಿಸಿ, ಜಂಟಿ ಕಸ್ಟಡಿಯಲ್ಲಿರುವ ಮಕ್ಕಳು ಒಬ್ಬರ ಕಸ್ಟಡಿಯಲ್ಲಿರುವವರಿಗಿಂತ ಸರಾಸರಿ ಚೆನ್ನಾಗಿ ಹೊಂದಿಕೊಂಡಿದ್ದಾರೆ ಎಂದು ಕಂಡುಕೊಂಡರು. ಇದನ್ನು ಎಚ್ಚರದಿಂದ ಓದಬೇಕು. ಜಂಟಿ ಕಸ್ಟಡಿಗೆ ಒಪ್ಪುವ ದಂಪತಿಯಲ್ಲಿ ಮೊದಲಿನಿಂದಲೇ ಜಗಳ ಕಡಿಮೆ ಇರಬಹುದು. ಸಮಯವನ್ನು ಸರಿಸಮವಾಗಿ ಹಂಚಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ಇದರಿಂದ ಹೇಳಲಾಗದು.

ಒಂದು ಸಣ್ಣ ಲೆಕ್ಕ

‘ಭೇಟಿಯ ಹಕ್ಕು ಕೊಟ್ಟಿದ್ದಾರಲ್ಲ, ಸಾಕು’ ಎನ್ನುವವರಿದ್ದಾರೆ. ಆ ಹಕ್ಕು ಎಷ್ಟು ಸಮಯವಾಗುತ್ತದೆ ಎಂದು ನಾವೇ ಲೆಕ್ಕ ಹಾಕಿ ನೋಡೋಣ.

ತಿಂಗಳಿಗೆ ಎರಡು ಶನಿವಾರ, ಪ್ರತಿಸಲ ಎರಡು ಗಂಟೆ ಭೇಟಿ ಎಂದುಕೊಳ್ಳಿ. ವರ್ಷಕ್ಕೆ 24 ಭೇಟಿ, 48 ಗಂಟೆ. ಅಂದರೆ 365 ದಿನಗಳಲ್ಲಿ ಕೇವಲ ಎರಡು ದಿನ.

ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ವಾರ ಬಿಟ್ಟು ವಾರ, ಜೊತೆಗೆ ಆರು ವಾರದ ಬೇಸಿಗೆ ರಜೆಯಲ್ಲಿ ಅರ್ಧ ಎಂದಾದರೆ ವರ್ಷಕ್ಕೆ ಸುಮಾರು 67 ರಾತ್ರಿ. ಶಾಲೆ ಇರುವ ವಾರಗಳಲ್ಲಿ ನಡುವೆ ಒಂದು ರಾತ್ರಿ ಸೇರಿಸಿದರೆ ಅದು 113 ಆಗುತ್ತದೆ.

ಮೊದಲ ವ್ಯವಸ್ಥೆಯಲ್ಲಿ ಮಗು ಆ ತಂದೆಯನ್ನೋ ತಾಯಿಯನ್ನೋ ‘ನೋಡಿ’ ಬರುತ್ತದೆ. ಕೊನೆಯದರಲ್ಲಿ ಅವರ ಜೊತೆ ಹೋಂವರ್ಕ್ ಮಾಡುತ್ತದೆ, ಜ್ವರ ಬಂದಾಗ ಮಲಗುತ್ತದೆ, ಬೆಳಿಗ್ಗೆ ಎದ್ದು ಶಾಲೆಗೆ ಹೊರಡುತ್ತದೆ. ಹಲವು ದೇಶಗಳಲ್ಲಿ ಈಗ ‘ಭೇಟಿ’ ಎಂಬುದನ್ನು ಬಿಟ್ಟು ‘ಪೇರೆಂಟಿಂಗ್ ಟೈಮ್’, ಅಂದರೆ ಪಾಲನೆಯ ಸಮಯ ಎನ್ನುವುದು ಇದಕ್ಕೇ.

ಕರ್ನಾಟಕ ಹೈಕೋರ್ಟ್‌ನ ವಿಭಾಗೀಯ ಪೀಠ 2013ರ ಒಂದು ಪ್ರಕರಣದಲ್ಲಿ ಈ ದಿಕ್ಕಿನಲ್ಲಿ ಬಹಳ ಮುಂದೆ ಹೋಯಿತು. ಜನವರಿಯಿಂದ ಜೂನ್‌ವರೆಗೆ ಮಗು ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ. ಶನಿವಾರ, ಭಾನುವಾರ ಇನ್ನೊಬ್ಬರು ಭೇಟಿ ಮಾಡಬಹುದು. ಶಿಕ್ಷಣ ಮತ್ತಿತರ ಖರ್ಚು ಇಬ್ಬರಿಗೂ ಸಮ. ಮಗು ಒಬ್ಬರ ಬಳಿ ಇರುವಾಗ ಇನ್ನೊಬ್ಬರ ಜೊತೆ ಫೋನ್ ಅಥವಾ ವಿಡಿಯೊ ಮೂಲಕ ಮಾತನಾಡಲು ಬಿಡಬೇಕು. ಭಾರತೀಯ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿ, ಜಂಟಿ ಕಸ್ಟಡಿಯನ್ನು ಕಾನೂನಿನಲ್ಲೇ ಸೇರಿಸಬೇಕೆಂದು ಶಿಫಾರಸು ಮಾಡಿತು. ಇನ್ನು 2020ರಲ್ಲಿ ಸುಪ್ರೀಂ ಕೋರ್ಟ್, ಕಸ್ಟಡಿ ಸಿಗದವರಿಗೆ ದಿನಕ್ಕೆ ಐದು ಹತ್ತು ನಿಮಿಷವಾದರೂ ಮಗುವಿನ ಜೊತೆ ಮಾತನಾಡುವ ಅವಕಾಶ ಇರಬೇಕು ಎಂದಿತು.

ವಯಸ್ಸಿಗೆ ತಕ್ಕಂತೆ ಸಮಯ

ಒಂದೇ ವೇಳಾಪಟ್ಟಿ ಎಲ್ಲ ವಯಸ್ಸಿಗೂ ಹೊಂದುವುದಿಲ್ಲ.

ಮೂರು ವರ್ಷದೊಳಗಿನ ಮಗು: ಇಷ್ಟು ಚಿಕ್ಕ ಮಗುವಿಗೆ ಎರಡು ವಾರ ಎಂಬುದು ಬಹಳ ದೀರ್ಘ ಸಮಯ. ಅಪರೂಪಕ್ಕೊಮ್ಮೆ ಇಡೀ ದಿನಕ್ಕಿಂತ ವಾರಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಹೊತ್ತಿನ ಒಡನಾಟ ಒಳ್ಳೆಯದು. ಎದೆಹಾಲು, ನಿದ್ದೆಯ ಹೊತ್ತು ತಪ್ಪದಂತೆ ನೋಡಿಕೊಳ್ಳಬೇಕು.

ಮೂರರಿಂದ ಆರು: ಮುಂದೇನು ಎಂದು ಮಗುವಿಗೆ ಗೊತ್ತಿದ್ದರೆ ಆತಂಕ ಕಡಿಮೆ. ಕ್ಯಾಲೆಂಡರಿನಲ್ಲಿ ಅಪ್ಪನ ದಿನಕ್ಕೆ ಒಂದು ಬಣ್ಣ, ಅಮ್ಮನ ದಿನಕ್ಕೆ ಒಂದು ಬಣ್ಣ ಹಚ್ಚಿ ತೋರಿಸಬಹುದು. ಈ ವಯಸ್ಸಿನಲ್ಲಿ ‘ನನ್ನಿಂದಲೇ ಹೀಗಾಯಿತು’ ಎಂದುಕೊಳ್ಳುವ ಮಕ್ಕಳು ಹೆಚ್ಚು. ಹಾಗಲ್ಲ ಎಂದು ಇಬ್ಬರೂ ಮತ್ತೆ ಮತ್ತೆ ಹೇಳಬೇಕು.

ಆರರಿಂದ ಹನ್ನೆರಡು: ಎರಡೂ ಮನೆ ಶಾಲೆಗೆ ಹತ್ತಿರವಿದ್ದರೆ ದಿನಗಳನ್ನು ಹೆಚ್ಚು ಸಮನಾಗಿ ಹಂಚಬಹುದು. ಎರಡು ದಿನ ಒಬ್ಬರ ಬಳಿ, ಎರಡು ದಿನ ಇನ್ನೊಬ್ಬರ ಬಳಿ, ಮೂರು ದಿನ ಮೊದಲಿನವರ ಬಳಿ, ಮುಂದಿನ ವಾರ ಇದರ ತಿರುವುಮುರುವು. ಹೀಗೆ ಮಾಡಿದರೆ 14 ರಾತ್ರಿಗಳಲ್ಲಿ ಇಬ್ಬರಿಗೂ ಏಳೇಳು ಬರುತ್ತವೆ. ಮನೆಗಳು ದೂರವಿದ್ದರೆ ಇದು ಮಗುವಿಗೆ ಬರೀ ಓಡಾಟವಾಗುತ್ತದೆ.

ಹದಿಹರೆಯ: ಟ್ಯೂಷನ್, ಆಟ, ಗೆಳೆಯರು, ಪರೀಕ್ಷೆ ಇವೆಲ್ಲ ಇರುತ್ತವೆ. ವೇಳಾಪಟ್ಟಿಯಲ್ಲಿ ಅವರ ಮಾತಿಗೂ ಜಾಗವಿರಬೇಕು.

ಒಪ್ಪಂದದಲ್ಲಿ ಏನೇನು ಬರೆಯಬೇಕು?

‘ಅನುಕೂಲಕ್ಕೆ ತಕ್ಕಂತೆ ಭೇಟಿ’ ಎಂದು ಒಂದೇ ಸಾಲು ಬರೆದ ಒಪ್ಪಂದಗಳು ಮುಂದೆ ಜಗಳಕ್ಕೆ ದಾರಿ ಮಾಡುತ್ತವೆ. ಕೆಳಗಿನವುಗಳನ್ನು ಬಿಡಿಸಿ ಬರೆಯುವುದು ಒಳ್ಳೆಯದು.

• ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿಂದ ಯಾರು ಕರೆದುಕೊಂಡು ಹೋಗುತ್ತಾರೆ, ಯಾರು ತಂದು ಬಿಡುತ್ತಾರೆ
• ದಸರಾ ರಜೆ ಮತ್ತು ಬೇಸಿಗೆ ರಜೆಯ ಹಂಚಿಕೆ
• ಯುಗಾದಿ, ಗೌರಿ ಗಣೇಶ, ದೀಪಾವಳಿ, ರಂಜಾನ್, ಕ್ರಿಸ್‌ಮಸ್‌ನಂಥ ಹಬ್ಬಗಳು ಮತ್ತು ಮಗುವಿನ ಹುಟ್ಟುಹಬ್ಬ ಯಾವ ವರ್ಷ ಯಾರ ಜೊತೆ
• ಫೋನ್ ಮತ್ತು ವಿಡಿಯೊ ಕರೆಯ ಹೊತ್ತು
• ಶಾಲೆಯ ಫೀಸು, ಪುಸ್ತಕ, ಔಷಧಿ, ಆರೋಗ್ಯ ವಿಮೆಯ ಖರ್ಚು
• ಶಾಲೆ ಬದಲಿಸುವುದು, ಶಸ್ತ್ರಚಿಕಿತ್ಸೆ, ಪಾಸ್‌ಪೋರ್ಟ್, ವಿದೇಶ ಪ್ರವಾಸಕ್ಕೆ ಯಾರ ಒಪ್ಪಿಗೆ ಬೇಕು
• ಶಾಲೆಯ ವಾಟ್ಸಾಪ್ ಗುಂಪು, ಪೋಷಕರ ಸಭೆ, ಅಂಕಪಟ್ಟಿ ಇಬ್ಬರಿಗೂ ತಲುಪುವ ವ್ಯವಸ್ಥೆ
• ಅಜ್ಜ ಅಜ್ಜಿಯರ ಜೊತೆಗಿನ ಒಡನಾಟ
• ಒಬ್ಬರು ಬೇರೆ ಊರಿಗೆ ಹೋಗುವುದಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು
• ಭಿನ್ನಾಭಿಪ್ರಾಯ ಬಂದರೆ ಮೊದಲು ಯಾರ ಬಳಿ ಹೋಗಬೇಕು

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಈ ಒಪ್ಪಂದವನ್ನು ಕೋರ್ಟಿನ ಆದೇಶದ ಭಾಗವಾಗಿಸಿಕೊಳ್ಳಬೇಕು. ಬಾಯಿಮಾತಿನ ಒಪ್ಪಂದವನ್ನು ಜಾರಿ ಮಾಡಿಸುವುದು ಕಷ್ಟ. ಹಿಂದೂ ವಿವಾಹ ಕಾಯ್ದೆಯಡಿ ಇರುವ ಆರು ತಿಂಗಳ ಕಾಯುವಿಕೆಯನ್ನು ಕೆಲವು ಸಂದರ್ಭಗಳಲ್ಲಿ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಜೀವನಾಂಶ, ಮಗುವಿನ ಕಸ್ಟಡಿ ಮೊದಲಾದವು ನಿಜವಾಗಿ ಇತ್ಯರ್ಥವಾಗಿರಬೇಕು ಎಂಬುದು ಅದಕ್ಕಿರುವ ಷರತ್ತುಗಳಲ್ಲಿ ಒಂದು.

ಸಮಯ ಹಂಚಿಕೆ ಸರಿಯಲ್ಲದ ಸಂದರ್ಭಗಳು

ಹೊಡೆತ, ಲೈಂಗಿಕ ದೌರ್ಜನ್ಯ, ವಿಪರೀತ ಕುಡಿತ ಇರುವಲ್ಲಿ ಮೇಲಿನ ಸಲಹೆಗಳು ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ಸುರಕ್ಷತೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 21ರ ಪ್ರಕಾರ ಮ್ಯಾಜಿಸ್ಟ್ರೇಟರು ಮಗುವಿನ ತಾತ್ಕಾಲಿಕ ಕಸ್ಟಡಿ ಕೊಡಬಹುದು. ಭೇಟಿಯಿಂದ ಮಗುವಿಗೆ ಕೆಡುಕಾಗುತ್ತದೆ ಎನಿಸಿದರೆ ಭೇಟಿಯನ್ನು ನಿರಾಕರಿಸಲೇಬೇಕು. ಅನುಮಾನವಿರುವ ಕಡೆ ಮೂರನೆಯವರ ಕಣ್ಣೆದುರಿಗೆ ಮಾತ್ರ ಭೇಟಿಗೆ ಅವಕಾಶ ಕೊಡುವುದುಂಟು.

ಮಗು ಒಬ್ಬರನ್ನು ನೋಡಲು ಒಪ್ಪದಿದ್ದಾಗ ‘ಇದು ಪೇರೆಂಟಲ್ ಏಲಿಯನೇಶನ್ ಸಿಂಡ್ರೋಮ್, ಇನ್ನೊಬ್ಬರು ತಲೆ ಕೆಡಿಸಿದ್ದಾರೆ’ ಎಂಬ ವಾದ ಕೋರ್ಟುಗಳಲ್ಲಿ ಕೇಳಿಬರುತ್ತದೆ. ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ 1985ರಲ್ಲಿ ಬಳಕೆಗೆ ತಂದ ಹೆಸರಿದು. ಮಗುವಿನ ಮನಸ್ಸು ಕೆಡಿಸುವವರು ಇದ್ದಾರೆ ಎಂಬುದು ನಿಜ. ಆದರೆ ಮನೋರೋಗಗಳ ಪಟ್ಟಿಯಾದ ಡಿಎಸ್‌ಎಂ-5ರಲ್ಲಿ ಈ ಹೆಸರಿನ ಕಾಯಿಲೆ ಇಲ್ಲ. ಮಗು ಹೆದರಲು ನಿಜವಾದ ಕಾರಣವೂ ಇರಬಹುದು. ಮಕ್ಕಳ ಮನೋತಜ್ಞರು ನೋಡಿ ಹೇಳಬೇಕಾದ ವಿಷಯವಿದು.

ವಿದೇಶದಲ್ಲಿರುವ ದಂಪತಿಗೆ

ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಅಕ್ರಮವಾಗಿ ಕರೆದೊಯ್ಯುವುದರ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದ್ದರಿಂದ ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ನೆಲೆಸಿದ ಕನ್ನಡಿಗ ದಂಪತಿಯಲ್ಲಿ ಒಬ್ಬರು ಮಗುವನ್ನು ಬೆಂಗಳೂರಿಗೆ ಕರೆತಂದರೆ ಅಲ್ಲಿನ ಕೋರ್ಟಿನ ಆದೇಶ ಇಲ್ಲಿ ತಾನಾಗಿಯೇ ಜಾರಿಯಾಗುವುದಿಲ್ಲ. ಇಲ್ಲಿನ ಕೋರ್ಟ್ ಆ ಆದೇಶವನ್ನು ಗಮನಿಸುತ್ತದೆ, ಆದರೆ ಮಗುವಿನ ಹಿತವನ್ನು ತಾನೇ ತೂಗಿ ನೋಡುತ್ತದೆ. ಹಾಗೆಂದು ಮಗುವನ್ನು ಹೇಳದೆ ಕೇಳದೆ ಕರೆತರುವುದು ಸುರಕ್ಷಿತ ದಾರಿಯಲ್ಲ. ಆ ದೇಶದಲ್ಲಿ ಅದು ಅಪರಾಧವಾಗಿ ದಾಖಲಾಗಬಹುದು, ಮಗುವನ್ನು ವಾಪಸ್ ಕಳಿಸಿ ಎಂದು ಇಲ್ಲಿನ ಕೋರ್ಟೇ ಆದೇಶಿಸಲೂಬಹುದು.

ಎಲ್ಲಿಂದ ಶುರು ಮಾಡಬೇಕು?

1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಪ್ರಕಾರ ನ್ಯಾಯಾಧೀಶರು ಮೊದಲು ರಾಜಿಗೆ ಪ್ರಯತ್ನಿಸಬೇಕು. ಕೋರ್ಟಿನಲ್ಲಿ ಆಪ್ತಸಮಾಲೋಚಕರಿರುತ್ತಾರೆ. ಬೆಂಗಳೂರಿನಲ್ಲಿ ಕೌಟುಂಬಿಕ ನ್ಯಾಯಾಲಯ ಮತ್ತು 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರ ಎರಡೂ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿವೆ. ಮಧ್ಯಸ್ಥಿಕೆಯಿಂದ ಸಮಯ ಉಳಿಯುತ್ತದೆ, ಅದಕ್ಕಿಂತ ದೊಡ್ಡ ಲಾಭವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಎಮರಿ ಮತ್ತು ಸಂಗಡಿಗರು 12 ವರ್ಷ ಬಿಟ್ಟು ಅದೇ ಕುಟುಂಬಗಳನ್ನು ಮತ್ತೆ ಸಂಪರ್ಕಿಸಿದರು. ಕೋರ್ಟಿನಲ್ಲಿ ಹೋರಾಡಿದವರಿಗಿಂತ ಮಧ್ಯಸ್ಥಿಕೆಯಲ್ಲಿ ಕುಳಿತು ಮಾತನಾಡಿದವರಲ್ಲಿ, ದೂರವಿದ್ದ ತಂದೆ ಅಥವಾ ತಾಯಿ ಮಗುವಿನ ಜೊತೆ ಹೆಚ್ಚು ಒಡನಾಟ ಉಳಿಸಿಕೊಂಡಿದ್ದರು.

ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಕಾನೂನು ನೆರವು ಉಚಿತ. ಸಹಾಯವಾಣಿ 15100. ಮಗು ಅಪಾಯದಲ್ಲಿದ್ದರೆ 1098. ಮಗು ಮಂಕಾಗಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದ್ದರೆ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ಪ್ರತಿ ಕುಟುಂಬದ ಪರಿಸ್ಥಿತಿ ಬೇರೆ, ಆದ್ದರಿಂದ ಸಹಿ ಹಾಕುವ ಮೊದಲು ವಕೀಲರನ್ನು ಕೇಳಿ. ಅವರ ಬಳಿ ಹೋಗುವ ಮುನ್ನ ಒಂದು ಹಾಳೆ ತೆಗೆದುಕೊಂಡು ಮಗುವಿನ ಒಂದು ವಾರವನ್ನು ಬರೆಯಿರಿ. ಎಷ್ಟಕ್ಕೆ ಏಳುತ್ತದೆ, ಯಾರು ಶಾಲೆಗೆ ಬಿಡುತ್ತಾರೆ, ಸಂಜೆ ಯಾರ ಜೊತೆ ಇರುತ್ತದೆ, ಯಾರ ಪಕ್ಕ ಮಲಗುತ್ತದೆ. ಒಪ್ಪಂದದ ಮಾತುಕತೆಯನ್ನು ಆ ಹಾಳೆಯಿಂದಲೇ ಆರಂಭಿಸಬಹುದು.